ಟೈಮ್‌ಟೇಬಲ್ ಅಕ್ಕನ ಎರವಲು ಬೆಂಚು

ನಮ್ಮ ಶಾಲೆಯ ಮೆಟ್ಟಿಲುಗಳ ಕೆಳಗೆ ಒಂದು ಕೋಣೆ ಇದೆ. ಚಾವಣಿ ಒಂದು ಕಡೆಗೆ ಓರೆಯಾಗಿ ಇಳಿದಿರುವುದರಿಂದ ಎತ್ತರದವರು ಒಳಗೆ ಬಂದರೆ ತಲೆ ಬಗ್ಗಿಸಲೇಬೇಕು. ನಮ್ಮ ಪ್ರಿನ್ಸಿಪಾಲರು ಆರಡಿಯ ಮೇಲೆ ಎರಡಿಂಚು ಇದ್ದಾರೆ. ಅವರು ತಲೆಬಾಗಿ ಮಾತಾಡುವ ಜಾಗ ಇಡೀ ಶಾಲೆಯಲ್ಲಿ ಅದೊಂದೇ ಎಂದು ಸ್ಟಾಫ್‌ರೂಮಿನಲ್ಲಿ ನಾವು ನಗುವುದುಂಟು. ಅಲ್ಲಿ ಕೂರುವವರು ಟೈಮ್‌ಟೇಬಲ್ ಅಕ್ಕ.

ಅಕ್ಕ ಟೀಚರ್ ಅಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಆಫೀಸಿನ ಟೈಪಿಸ್ಟ್ ಹೆರಿಗೆ ರಜೆ ಹಾಕಿದಾಗ ನಾಲ್ಕು ತಿಂಗಳಿಗೆಂದು ಬಂದವರು. ಆ ವರ್ಷ ಟೈಮ್‌ಟೇಬಲ್ ಹಾಕುವ ವಿಷಯಕ್ಕೆ ಮೂವರು ಮೇಷ್ಟ್ರುಗಳು ಕಿತ್ತಾಡಿಕೊಂಡು ಮಾತು ಬಿಟ್ಟಿದ್ದರಂತೆ. ಯಾರ ಕಡೆಯೂ ಸೇರದವರೊಬ್ಬರು ಬೇಕಾಗಿ ಆಗಿನ ಪ್ರಿನ್ಸಿಪಾಲರು ಆ ಕೆಲಸವನ್ನು ಹೊಸ ಟೈಪಿಸ್ಟ್ ತಲೆಗೆ ಕಟ್ಟಿದರು. ಅಲ್ಲಿಂದ ಇಲ್ಲಿಯವರೆಗೆ ಯಾವ ತರಗತಿಯಲ್ಲಿ ಯಾವ ಗಂಟೆಗೆ ಯಾರು ಬಾಯಿ ತೆರೆಯಬೇಕು ಎನ್ನುವುದನ್ನು ನಿರ್ಧರಿಸುವವರು ಅವರೇ. ಅವರ ಗೋಡೆಯ ತುಂಬ ಒಂದು ಪ್ಲೈವುಡ್ ಹಲಗೆ ಇದೆ. ಅದರ ಮೇಲೆ ಬಣ್ಣಬಣ್ಣದ ಕಾರ್ಡುಗಳು. ಒಬ್ಬೊಬ್ಬ ಟೀಚರಿಗೆ ಒಂದೊಂದು ಬಣ್ಣ. ಅಕ್ಕ ಆ ಕಾರ್ಡುಗಳ ಜೊತೆ ಮಾತಾಡುತ್ತಾರೆ. "ನೀನು ಸ್ವಲ್ಪ ಆ ಕಡೆ ಸರಿಯಪ್ಪ, ಕೆಮಿಸ್ಟ್ರಿಗೆ ಜಾಗ ಬೇಕು" ಎನ್ನುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಊಟದ ಬಿಡುವಿನಲ್ಲಿ ಎಲ್ಲರೂ ತಕರಾರು ಹೊತ್ತು ತರುತ್ತಾರೆಂದು ಅಕ್ಕ ಹನ್ನೊಂದೂವರೆಗೇ ಊಟ ಮುಗಿಸಿರುತ್ತಾರೆ. ತುರುಬಿನಲ್ಲಿ ಯಾವಾಗಲೂ ಎರಡೋ ಮೂರೋ ಪೆನ್ಸಿಲ್. ಬೆಳಿಗ್ಗೆ ಯಾರಾದರೂ ರಜೆ ಎಂದು ಫೋನ್ ಬಂದರೆ ಅವರು ಬದಲಿ ಚೀಟಿ ಬರೆದುಕೊಂಡು ಹೊರಡುತ್ತಾರೆ. ಆ ದಿನ ಆ ಪೀರಿಯಡ್ಡಿಗೆ ಯಾರು ಹೋಗಿ ಮಕ್ಕಳನ್ನು ಸುಮ್ಮನೆ ಕೂರಿಸಬೇಕು ಎಂಬ ಚೀಟಿ ಅದು. ಅವರ ಚಪ್ಪಲಿಯ ಸದ್ದು ಕಾರಿಡಾರಿನಲ್ಲಿ ಕೇಳಿತೋ, ಸ್ಟಾಫ್‌ರೂಮಿನ ಅರ್ಧ ಜನಕ್ಕೆ ಇದ್ದಕ್ಕಿದ್ದಂತೆ ಬಾತ್‌ರೂಮಿಗೆ ಅವಸರವಾಗುತ್ತದೆ. ನಾನು ಹದಿನಾಲ್ಕು ವರ್ಷದಿಂದ ಇಲ್ಲಿ ಭೂಗೋಳ ಕಲಿಸುತ್ತಿದ್ದೇನೆ. ಆ ಅವಸರ ನನಗೂ ಬಂದಿದೆ, ಸುಳ್ಳು ಹೇಳುವುದಿಲ್ಲ.

ಆದರೆ ನಾನು ಹೇಳಹೊರಟಿದ್ದು ಅವರ ಇನ್ನೊಂದು ಕೆಲಸದ ಬಗ್ಗೆ. ಅದನ್ನು ಅವರಿಗೆ ಯಾರೂ ಕೊಟ್ಟದ್ದಲ್ಲ.

ಹತ್ತನೇ ತರಗತಿ ಮುಗಿಸಿದ ಮಕ್ಕಳು ಕೊನೆಯ ಎರಡು ವರ್ಷಕ್ಕೆ ನಾಲ್ಕು ವಿಷಯ ಆರಿಸಿಕೊಂಡು ಫಾರಂ ತುಂಬಬೇಕು. ಕೆಲವರು ಫಾರಂ ಕೈಗೆ ಸಿಕ್ಕ ಕೂಡಲೇ ಸರಸರ ತುಂಬಿಬಿಡುತ್ತಾರೆ. ಅವರ ಮನೆಯಲ್ಲಿ ಅದು ಯಾವತ್ತೋ ತೀರ್ಮಾನವಾಗಿರುತ್ತದೆ. ಕೆಲವರು ಗೆಳೆಯರ ಫಾರಂ ನೋಡಿ ಬರೆಯುತ್ತಾರೆ. ಇನ್ನು ಕೆಲವರು ಖಾಲಿ ಫಾರಂ ಹಿಡಿದು ಅಕ್ಕನ ಬಾಗಿಲಲ್ಲಿ ನಿಲ್ಲುತ್ತಾರೆ. ತುಂಬಿದ ಫಾರಂ ಕೊಡಬೇಕಾದ ಜಾಗ ಅದೇ ಆದ್ದರಿಂದ, ತುಂಬಲಾರದವರೂ ಅಲ್ಲಿಗೇ ಬರುತ್ತಾರೆ.

ಮೊದಲ ಬಾರಿ ಹಾಗೆ ಒಬ್ಬಳು ಬಂದು ಅತ್ತಾಗ ಅಕ್ಕನಿಗೆ ಏನು ಹೇಳಬೇಕೋ ತೋಚಲಿಲ್ಲವಂತೆ. "ನಾಳೆ ಒಂದಿನ ದೊಡ್ಡೋರ ಕ್ಲಾಸಲ್ಲಿ ಹಿಂದುಗಡೆ ಬೆಂಚಲ್ಲಿ ಕೂತ್ಕೊಂಡು ಬಾ, ಆಮೇಲೆ ನೋಡೋಣ" ಎಂದು ಕಳಿಸಿದರು. ಅದೇ ಮುಂದೆ ಪದ್ಧತಿಯಾಯಿತು. ಮಕ್ಕಳು ಅದಕ್ಕೆ ಎರವಲು ಬೆಂಚು ಎಂದು ಹೆಸರಿಟ್ಟರು. ಇಡೀ ದಿನ ಬೇರೆ ಬೇರೆ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರಬೇಕು, ಮಾತಾಡಬಾರದು. ಒಂದೊಂದು ಪೀರಿಯಡ್ಡಿಗೂ ಒಂದೊಂದು ಚೀಟಿ. ಅದರಲ್ಲಿ ಒಂದೇ ಒಂದು ಸಂಗತಿ ಬರೆಯಬೇಕು: ಆ ಪಾಠ ಕೇಳುವಾಗ ನಿನಗೆ ಕೇಳಬೇಕೆನಿಸಿ ಕೇಳದೇ ಉಳಿದ ಪ್ರಶ್ನೆ ಯಾವುದು?

ಸಂಜೆ ಅಕ್ಕ ಚೀಟಿಗಳನ್ನು ಮೇಜಿನ ಮೇಲೆ ಹರಡುತ್ತಾರೆ. ಯಾವ ಪೀರಿಯಡ್ಡಿನ ಚೀಟಿ ಖಾಲಿ, ಯಾವುದು ತುಂಬಿದೆ ಎಂದು ಮಗುವಿಗೇ ತೋರಿಸುತ್ತಾರೆ. ಅಷ್ಟೇ. ದೊಡ್ಡವಳಾದ ಮೇಲೆ ಏನಾಗ್ತೀಯಾ ಎಂದು ಅವರು ಯಾರನ್ನೂ ಕೇಳಿದ್ದಿಲ್ಲ. "ಅದು ನೆಂಟರು ಕೇಳೋ ಪ್ರಶ್ನೆ. ಉತ್ತರ ಬೇಕು ಅಂತ ಅವರೂ ಕೇಳಲ್ಲ" ಎನ್ನುತ್ತಾರೆ.

ನೀವೇನು ಓದಿದ್ದು, ಯಾಕೆ ಅದನ್ನೇ ಆರಿಸಿಕೊಂಡಿರಿ ಎಂದು ನಾನೊಮ್ಮೆ ಅವರನ್ನು ಕೇಳಿದ್ದೆ. ಮೂಗು ತೂರಿಸುವುದು ನನ್ನ ಹುಟ್ಟುಗುಣ. ಅಕ್ಕ ನಕ್ಕು, "ಆರಿಸ್ಕೊಳ್ಳೋದೇನು ಬಂತು? ನಮ್ಮಕ್ಕನ ಹಳೇ ಪುಸ್ತಕ ಮನೇಲಿತ್ತು. ಅದರಲ್ಲಿ ಏನಿತ್ತೋ ಅದನ್ನೇ ಓದಿದೆ" ಎಂದರು. ಅದರಲ್ಲಿ ಬೇಸರವೇನೂ ಇರಲಿಲ್ಲ. ಆದರೆ ಬೇರೆ ಮಕ್ಕಳ ಚೀಟಿ ಓದುವಾಗ ಅವರ ಮುಖ ಅರಳುವುದನ್ನು ನಾನು ನೋಡಿದ್ದೇನೆ. ಅವರಿಗೆ ಅದು ಕೆಲಸವೇ ಅಲ್ಲ. ಹೊಟ್ಟೆ ತುಂಬುವ ಸಂಗತಿ.

ಈ ವರ್ಷ ತರಗತಿಗಳು ಶುರುವಾಗಿ ಮೂರು ವಾರವಾಗಿತ್ತು. ಒಂದು ಮಂಗಳವಾರ ನನ್ನ ತಕರಾರೊಂದನ್ನು ಹಿಡಿದು ಅಕ್ಕನ ಕೋಣೆಗೆ ಹೋದೆ. ತಕರಾರು ಏನೆಂದು ಈಗ ನೆನಪಿಲ್ಲ. ನನ್ನ ತಕರಾರುಗಳಿಗೆ ಲೆಕ್ಕವಿಲ್ಲ. ಅಕ್ಕ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ಮುಂದೆ ಒಂದು ಚೀಟಿ.

"ಬನ್ನಿ ಮೇಡಂ, ನೀವಾದ್ರೂ ಹೇಳಿ. ಲಿಫ್ಟು ಗೊತ್ತಲ್ಲ?"

ಲಿಫ್ಟು ಎಂದರೆ ಲಿಫ್ಟ್ ರಿಪೇರಿ ಮಾಡುವವರ ಮಗಳು. ಊರಿನ ಅರ್ಧ ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುವುದು ಅವಳಪ್ಪ. ತರಗತಿಯ ಮಕ್ಕಳು ಅವಳನ್ನು ಲಿಫ್ಟು ಎಂದೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಹೆಸರು ಕೇಳಿದ್ದೆ, ಮುಖ ಸರಿಯಾಗಿ ನೆನಪಿರಲಿಲ್ಲ. ಹತ್ತನೇ ತರಗತಿಯವರೆಗಿನ ಮಕ್ಕಳು ರಸ್ತೆಯಾಚೆಯ ಕಟ್ಟಡದಲ್ಲಿ ಓದುತ್ತಾರೆ. ಅಲ್ಲಿಯವರೆಗೆ ಅವರು ನಮ್ಮನ್ನು, ನಾವು ಅವರನ್ನು ಕಂಡಿರುವುದು ಕಡಿಮೆ.

"ಆ ಹುಡುಗಿ ಎರವಲು ಬೆಂಚಲ್ಲಿ ಕೂತ ದಿನ ಆರು ಚೀಟೀಲಿ ಐದು ಖಾಲಿ ತಂದಿದ್ಲು" ಎಂದರು ಅಕ್ಕ. "ಫಿಸಿಕ್ಸ್ ಪೀರಿಯಡ್ಡಿಂದು ಒಂದೇ ತುಂಬಿತ್ತು. ತುಂಬಿತ್ತು ಅಂದ್ರೆ ಹಿಂದೆ ಮುಂದೆ ಎಲ್ಲ. ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಬೇಕು? ಫಿಸಿಕ್ಸ್ ತಗೊ ಮಗಳೇ ಅಂದೆ. ತಗೊಂಡ್ಲು. ಈಗ ನೋಡಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂರ್ತಾಳಂತೆ. ಮೊದಲನೇ ಟೆಸ್ಟಲ್ಲಿ ಇಪ್ಪತ್ತೈದಕ್ಕೆ ನಾಲ್ಕು. ಇವಳಿಗೆ ಸೈನ್ಸ್ ಆಗಲ್ಲ, ಬಿಡಿಸಿ ಅಂತ ಫಿಸಿಕ್ಸ್ ಸರ್ ಮನೆಗೆ ಹೇಳಿ ಕಳಿಸಿದಾರೆ. ನಿನ್ನೆ ಇಲ್ಲಿಗೆ ಬಂದು ಬಾಗಿಲಲ್ಲಿ ನಿಂತ್ಲು. ಏನಮ್ಮ ಅಂದೆ. ‘ಅಕ್ಕಾ, ನಾನು ದಡ್ಡೀನಾ?’ ಅಂದ್ಲು."

ವಿಷಯ ಬದಲಾಯಿಸಲು ಶುಕ್ರವಾರವೇ ಕೊನೆ ದಿನ. ಆಮೇಲೆ ಪಟ್ಟಿ ಪರೀಕ್ಷಾ ಮಂಡಳಿಗೆ ಹೋಗುತ್ತದೆ, ಇನ್ನೆರಡು ವರ್ಷ ಅಲುಗಾಡಿಸುವಂತಿಲ್ಲ. ಫಿಸಿಕ್ಸಿನಲ್ಲೇ ಉಳಿದರೆ ಅವಳು ಮುಳುಗುತ್ತಾಳೆ. ಬಿಟ್ಟರೆ ದಡ್ಡಿ ಎಂಬ ಹಣೆಪಟ್ಟಿ ಹಚ್ಚಿಕೊಂಡು ಬಿಡುತ್ತಾಳೆ. ಹದಿನಾರು ವರ್ಷದ ಹುಡುಗಿಗೆ ಎರಡೂ ಸಣ್ಣದಲ್ಲ.

"ಇದನ್ನ ಬರೆದ ಹುಡುಗಿ ದಡ್ಡಿ ಆಗೋಕೆ ಹೇಗೆ ಸಾಧ್ಯ? ಓದಿ ನೋಡಿ" ಎಂದು ಅಕ್ಕ ಚೀಟಿಯನ್ನು ನನ್ನ ಕಡೆ ತಳ್ಳಿದರು.

ಓದಿದೆ. ‘ಕಿಟಕಿ ಗಾಜಿನ ಮೇಲೆ ನೀರು ಯಾಕೆ ನೆಟ್ಟಗೆ ಇಳಿಯಲ್ಲ? ಒಂದು ಸಲ ಡೊಂಕಾದ ನದಿ ಮತ್ತೆ ತಾನಾಗೇ ನೆಟ್ಟಗಾಗತ್ತಾ?’ ಎಂದಿತ್ತು. ಚೀಟಿಯ ಹಿಂಬದಿಗೆ ಮೂರನೆಯದು: ‘ತಿರುವಿನಲ್ಲಿ ನೀರು ಹೊರಗಡೆ ದಡಕ್ಕೆ ಜೋರಾಗಿ ನುಗ್ಗತ್ತೆ ಅಂದ್ರು. ಹಾಗಾದ್ರೆ ಮರಳೂ ಹೊರಗಡೇಗೇ ಹೋಗಬೇಕಲ್ವಾ, ಒಳಗಡೆ ದಡದಲ್ಲಿ ಬಂದು ಹೇಗೆ ಕೂರತ್ತೆ? ಟೀ ಕಲಕಿದಾಗ ಪುಡಿ ಲೋಟದ ನಡುವಿಗೆ ಬರೋದೂ ಇದಕ್ಕೇನಾ?’

ಅದು ಫಿಸಿಕ್ಸ್ ಪಾಠವೇ ಅಲ್ಲ. ಅದು ನನ್ನ ಪಾಠ.

ಆ ದಿನ ಫಿಸಿಕ್ಸ್ ಸರ್ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದರು. ಅಕ್ಕನ ಬದಲಿ ಚೀಟಿ ನನಗೆ ಬಂದಿತ್ತು. ನಮ್ಮ ಶಾಲೆಗೆ ಇನ್ಸ್‌ಪೆಕ್ಷನ್ ಇದ್ದುದರಿಂದ ನನ್ನ ತರಗತಿಯ ಮಕ್ಕಳನ್ನು ಹಾಲ್ ಸಿಂಗರಿಸಲು ಕರೆದುಕೊಂಡು ಹೋಗಿದ್ದರು, ನಾನು ಖಾಲಿ ಇದ್ದೆ. ಗೊಣಗಿಕೊಂಡೇ ಹೋದೆ. ಏನೂ ತಯಾರಿ ಇರಲಿಲ್ಲ. ಕಿಟಕಿಯ ಗಾಜಿನ ಮೇಲೆ ಯಾರೋ ನೀರು ಎರಚಿ ಒರೆಸುತ್ತಿದ್ದರು. ಹನಿಗಳು ಅಂಕುಡೊಂಕಾಗಿ ಇಳಿಯುತ್ತಿದ್ದವು. ನೋಡ್ರೋ, ನದಿಯೂ ಹೀಗೇ ಎಂದು ಶುರು ಮಾಡಿ ನಲವತ್ತು ನಿಮಿಷ ನದಿಯ ತಿರುವುಗಳ ಬಗ್ಗೆ ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದರೋ ನೋಡಿರಲೇ ಇಲ್ಲ. ಆ ಹುಡುಗಿ ತನ್ನ ಚೀಟಿಯ ಮೇಲೆ ಅಚ್ಚಾದ ಟೈಮ್‌ಟೇಬಲ್ಲಿನಲ್ಲಿ ಏನಿತ್ತೋ ಅದನ್ನು ಬರೆದುಕೊಂಡಿದ್ದಳು: ಎರಡನೇ ಪೀರಿಯಡ್, ಫಿಸಿಕ್ಸ್.

ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನನ್ನ ಭೂಗೋಳದ ತರಗತಿಯಲ್ಲಿ ಇರುವುದು ಏಳು ಮಕ್ಕಳು. ಎಂಟಾದರೂ ಇಲ್ಲದಿದ್ದರೆ ಮುಂದಿನ ವರ್ಷ ಈ ವಿಷಯ ಯಾಕೆ ಇಡಬೇಕು ಎಂದು ಪ್ರಿನ್ಸಿಪಾಲರು ಆಗಲೇ ಎರಡು ಬಾರಿ ಅಂದಿದ್ದರು. ಫಿಸಿಕ್ಸಿನಿಂದ ಒಬ್ಬಳನ್ನು ಎಳೆದುಕೊಳ್ಳಲು ಕಥೆ ಕಟ್ಟಿದ್ದಾಳೆ ಎಂದು ಸ್ಟಾಫ್‌ರೂಮಿನಲ್ಲಿ ಆಡಿಕೊಳ್ಳುವವರಿಗೆ ಬರವಿಲ್ಲ. "ಯೋಚನೆ ಮಾಡ್ತೀನಿ ಅಕ್ಕ" ಎಂದು ಎದ್ದು ಬಂದೆ. ಅಂಥ ಹೇಡಿತನ ನನ್ನಲ್ಲಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಮನೆಗೆ ಹೋಗಿ ಟೀ ಮಾಡಿ, ಸೋಸದೆ ಲೋಟಕ್ಕೆ ಸುರಿದು, ಚಮಚದಿಂದ ಕಲಕಿ ಬಿಟ್ಟೆ. ಪುಡಿ ಸುತ್ತಿ ಸುತ್ತಿ ನಿಧಾನವಾಗಿ ನಡುವಿಗೆ ಬಂದು ಗುಡ್ಡೆಯಾಯಿತು. ಸುತ್ತುವ ನೀರು ಅದನ್ನು ಅಂಚಿಗಲ್ಲವೇ ತಳ್ಳಬೇಕು? ನಾಲ್ಕು ಬಾರಿ ಮಾಡಿದೆ, ನಾಲ್ಕು ಬಾರಿಯೂ ನಡುವಿಗೇ. ಒಳದಡದಲ್ಲಿ ಮರಳು ಕೂರುತ್ತದೆ ಎಂದು ಹದಿನಾಲ್ಕು ವರ್ಷ ಪಾಠ ಮಾಡಿದ್ದೇನೆ, ಅದು ಅಲ್ಲಿಗೆ ಹೇಗೆ ಬರುತ್ತದೆ ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಈ ಹುಡುಗಿಯನ್ನು ಶುಕ್ರವಾರ ಕಳೆದುಕೊಳ್ಳುವುದು ತಪ್ಪು ಎಂದು ಆ ಲೋಟದ ಮುಂದೆ ಕೂತೇ ನಿರ್ಧಾರ ಮಾಡಿದೆ.

ಬುಧವಾರ ಬೆಳಿಗ್ಗೆ ಅಕ್ಕನಿಗೆ ಹೇಳಿದೆ. ಅವರು ನಂಬಲಿಲ್ಲ. ಬದಲಿ ಚೀಟಿಗಳ ರಿಜಿಸ್ಟರ್ ತೆಗೆದು ಆ ತಾರೀಖಿನ ಪುಟ ತಿರುವಿದರು. ಎರಡನೇ ಪೀರಿಯಡ್, ಫಿಸಿಕ್ಸ್ ಬದಲಿಗೆ ಭೂಗೋಳ ಮೇಡಂ. ಅವರದೇ ಕೈಬರಹ, ಅವರದೇ ಸಹಿ. ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಡೀ ಶಾಲೇಲಿ ಯಾರಿಗೆ ಮರೆತ್ರೂ ನನಗೆ ಮರೀಬಾರದಾಗಿತ್ತು" ಎಂದರು. "ಬೆಳಿಗ್ಗೆ ನಾನೇ ಪಾಠ ಬದಲಾಯಿಸಿದೀನಿ. ಸಂಜೆ ಅಚ್ಚಾದ ಪಟ್ಟಿ ನೋಡಿ ತೀರ್ಪು ಕೊಟ್ಟಿದೀನಿ."

ಆಮೇಲೆ ಅವರು ಮಾಡಿದ್ದನ್ನು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೀರುವಿನಿಂದ ಹಳೆಯ ಚೀಟಿಗಳ ಕಟ್ಟುಗಳನ್ನೆಲ್ಲ ಹೊರಗೆ ಹಾಕಿ, ಒಂದೊಂದನ್ನೂ ರಿಜಿಸ್ಟರಿನ ತಾರೀಖಿಗೆ ಹೋಲಿಸತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಇಂಥ ಇನ್ನೂ ನಾಲ್ಕು ಸಿಕ್ಕವು. ಒಬ್ಬ ಹುಡುಗ ಅಕೌಂಟೆನ್ಸಿ ತೆಗೆದುಕೊಂಡಿದ್ದು ಆ ಪೀರಿಯಡ್ಡಿಗೆ ಬಂದಿದ್ದ ಆಟದ ಮೇಷ್ಟ್ರು ಹೇಳಿದ ಫುಟ್‌ಬಾಲ್ ಕಥೆ ಕೇಳಿ. ಅವನಿಗೆ ಅಕ್ಕ ಫೋನ್ ಮಾಡಿಯೇಬಿಟ್ಟರು. ಅವನೀಗ ಯಾವುದೋ ಆಫೀಸಿನಲ್ಲಿ ಆಡಿಟರ್. "ಆರಾಮಾಗಿದೀನಿ ಅಕ್ಕ, ಯಾಕೆ?" ಎಂದನಂತೆ. ಏನಿಲ್ಲಪ್ಪ, ಸುಮ್ಮನೆ ಎಂದು ಇಟ್ಟರು. ಉಳಿದ ಮೂವರ ನಂಬರ್ ಬದಲಾಗಿತ್ತು. ಆ ಮೂರು ಚೀಟಿಗಳನ್ನು ಅಕ್ಕ ಕಟ್ಟಿಗೆ ಸೇರಿಸದೆ ಬೇರೆಯಾಗಿ ಇಟ್ಟರು.

ಗುರುವಾರ ಸಂಜೆ ನಾವಿಬ್ಬರೂ ಲಿಫ್ಟಿನ ಮನೆಗೆ ಹೋದೆವು. ನೀವೊಬ್ಬರೇ ಹೋಗಿ ಎಂದು ನಾನು ಹೇಳಿದ್ದೆ. "ನನ್ನ ತಪ್ಪು ನಾನು ಒಪ್ಕೋತೀನಿ. ನದಿ ವಿಷಯ ಕೇಳಿದ್ರೆ ಯಾರು ಹೇಳ್ತಾರೆ?" ಎಂದು ಎಳೆದುಕೊಂಡು ಹೋದರು. ದೊಡ್ಡ ಕಟ್ಟಡವೊಂದರ ನೆಲಮಹಡಿಯಲ್ಲಿ ಎರಡು ಕೋಣೆಯ ಮನೆ. ಗೋಡೆಯಾಚೆ ಲಿಫ್ಟು ಏರಿಳಿಯುವ ಸದ್ದು. ಹುಡುಗಿಯ ಅಮ್ಮ ನರ್ಸು, ಡ್ಯೂಟಿಗೆ ಹೊರಡುತ್ತಿದ್ದವರು ಬಾಗಿಲಲ್ಲೇ ನಿಂತರು. ಅಪ್ಪ ಕೈಗೆ ಹತ್ತಿದ್ದ ಗ್ರೀಸ್ ಒರೆಸಿಕೊಂಡು ಕುರ್ಚಿ ಹಾಕಿದರು. ಹುಡುಗಿ ಮೂಲೆಯಲ್ಲಿ ಮಂಚದ ಮೇಲೆ ಮಡಿಸಿಟ್ಟ ಬಟ್ಟೆಗಳನ್ನು ಮತ್ತೆ ಬಿಡಿಸಿ ಮಡಿಸುತ್ತಿದ್ದಳು.

ಅಕ್ಕ ಸುತ್ತಿ ಬಳಸಿ ಮಾತಾಡಲಿಲ್ಲ. "ತಪ್ಪು ನನ್ನದು. ನಿಮ್ಮ ಮಗಳಿಗೆ ಹಿಡಿಸಿದ್ದು ಈ ಮೇಡಂ ಮಾಡಿದ ಭೂಗೋಳದ ಪಾಠ. ಅದನ್ನ ಫಿಸಿಕ್ಸ್ ಅಂತ ತಿಳ್ಕೊಂಡು ಕಳಿಸಿದ್ದು ನಾನು. ಅವಳು ದಡ್ಡಿ ಅಲ್ಲ" ಎಂದರು.

"ನಾನು ಪ್ರತಿ ಬಿಲ್ಡಿಂಗಲ್ಲೂ ಹೇಳ್ಕೊಂಡು ಬಂದಿದೀನಿ ಅಕ್ಕಾ, ಮಗಳು ಫಿಸಿಕ್ಸ್ ಓದ್ತಾಳೆ ಅಂತ" ಎಂದರು ಅಪ್ಪ. "ಹೋದ ವಾರ ಒಬ್ರು ಲಿಫ್ಟಲ್ಲಿ ಸಿಕ್ಕಿ, ‘ಎಂಜಿನಿಯರ್ ಅಪ್ಪ’ ಅಂತ ಕರೆದ್ರು. ಆಗ ಅದೆಷ್ಟು ಖುಷಿ ಆಯ್ತು ಗೊತ್ತಾ!" ಅವರ ಮುಖ ಸಪ್ಪಗಾಗಿತ್ತು. ಹೆಂಡತಿ, "ನಿಮ್ಮ ಖುಷಿಗೆ ಅವಳು ಟೆಸ್ಟ್ ಬರೀಬೇಕಾ?" ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು.

ಅಕ್ಕ ಹುಡುಗಿಯ ಕಡೆ ತಿರುಗಿದರು. "ಮೂರು ವಾರ ಆಯ್ತಲ್ಲ ಮಗಳೇ, ಪಾಠ ಬೇರೆ ಅಂತ ನಿನಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು" ಎಂದಳು ಹುಡುಗಿ. "ಒಂದೇ ಸಬ್ಜೆಕ್ಟಿಗೆ ಇಬ್ರು ಇರ್ತಾರೇನೋ ಅಂದ್ಕೊಂಡೆ. ಸರ್ ಲೆಕ್ಕದ ಭಾಗ ಮಾಡ್ತಾರೆ, ಮೇಡಂ ನದಿ ಭಾಗ ಮಾಡ್ತಾರೆ ಅಂತ. ಮೇಡಂ ಯಾವಾಗ ಬರ್ತಾರೆ ಅಂತ ದಿನಾ ಕಾಯ್ತಿದ್ದೆ."

"ಯಾರನ್ನಾದ್ರೂ ಕೇಳಬಾರದಿತ್ತಾ?" ಎಂದೆ ನಾನು.

"ಎರವಲು ಬೆಂಚಲ್ಲಿ ಇರೋವಾಗ ಪ್ರಶ್ನೆ ಬರೀಬಹುದಿತ್ತು. ಸೇರಿದ ಮೇಲೆ ಉತ್ತರ ಮಾತ್ರ ಬರೀಬೇಕು ಅಂತ ಇತ್ತು ಮೇಡಂ."

ಅವಳು ಇದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ, ನಿಯಮ ಹೇಳುವಂತೆ ಹೇಳಿದಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅಕ್ಕ ಸೀರೆಯ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾ, "ಹಾಗಾದ್ರೆ ನಾಳೆ ಬೆಳಿಗ್ಗೆ ಫಿಸಿಕ್ಸ್ ತೆಗೆದು ಭೂಗೋಳ ಹಾಕಿಬಿಡೋಣ" ಎಂದರು.

"ಬೇಡ" ಎಂದಳು ಹುಡುಗಿ.

ನಾವೆಲ್ಲ ಅವಳನ್ನೇ ನೋಡಿದೆವು.

"ನದಿ ಬೇಕು. ಆದ್ರೆ ಆ ಮೂರನೇ ಪ್ರಶ್ನೆ ಫಿಸಿಕ್ಸ್ ಅಲ್ವಾ? ಪುಡಿ ನಡುವಿಗೆ ಬರೋದು? ಮೇಡಂಗೆ ಗೊತ್ತಾ ಅದು?"

"ಗೊತ್ತಿಲ್ಲಮ್ಮ" ಎಂದು ಒಪ್ಪಿಕೊಂಡೆ. "ಮಂಗಳವಾರ ಅಷ್ಟೊಂದು ಟೀ ಕಲಕಿದ್ರೂ ಗೊತ್ತಾಗ್ಲಿಲ್ಲ."

"ಅದಕ್ಕೇ. ಎರಡೂ ಬೇಕು. ನಾಲ್ಕರಲ್ಲಿ ಕಂಪ್ಯೂಟರ್ ಬಿಡ್ತೀನಿ."

ಅಕ್ಕನ ಬಾಯಿಂದ ಅಭ್ಯಾಸದಂತೆ ಮಾತು ಬಂತು. "ಫಿಸಿಕ್ಸು, ಭೂಗೋಳ ಒಟ್ಟಿಗೆ ಬರಲ್ಲ ಕಣಮ್ಮ. ಟೈಮ್‌ಟೇಬಲ್ಲಲ್ಲಿ ಕೂರಲ್ಲ."

"ಯಾಕೆ ಕೂರಲ್ಲ ಅಕ್ಕಾ?"

ಇಷ್ಟು ವರ್ಷ ಮಕ್ಕಳ ಪ್ರಶ್ನೆಗಳನ್ನು ಸಂಗ್ರಹಿಸಿದವರ ಹತ್ತಿರ ಈ ಒಂದಕ್ಕೆ ಉತ್ತರವಿರಲಿಲ್ಲ. "ನಾಳೆ ಹೇಳ್ತೀನಿ" ಎಂದು ಎದ್ದರು. ಅಪ್ಪ ನಮ್ಮನ್ನು ಗೇಟಿನವರೆಗೂ ಬಿಡಲು ಬಂದು, "ಎರಡೂ ಆದ್ರೆ ನಾನು ಬಿಲ್ಡಿಂಗುಗಳಲ್ಲಿ ಹೇಳಿದ್ದು ಸುಳ್ಳಾಗಲ್ಲ, ಅಲ್ವಾ ಮೇಡಂ?" ಎಂದು ಮೆಲ್ಲಗೆ ಕೇಳಿದರು.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ನಾನು ಮೆಟ್ಟಿಲ ಕೆಳಗಿನ ಕೋಣೆಗೆ ಹೋದಾಗ ಅಕ್ಕ ಆಗಲೇ ಅರ್ಧ ಹಲಗೆ ಬರಿದು ಮಾಡಿದ್ದರು. ಹನ್ನೆರಡು ಗಂಟೆಗೆ ಪಟ್ಟಿ ಪ್ರಿನ್ಸಿಪಾಲರ ಮೇಜಿಗೆ ಹೋಗಬೇಕು. ಮೇಜಿನ ಮೇಲೆ ಕಾರ್ಡುಗಳು ಚೆಲ್ಲಾಪಿಲ್ಲಿ. ಫಿಸಿಕ್ಸನ್ನು ಮಧ್ಯಾಹ್ನಕ್ಕೆ ಇಟ್ಟು ನೋಡಿದರು. ಮಧ್ಯಾಹ್ನ ಲ್ಯಾಬು ರಸ್ತೆಯಾಚೆಯ ಮಕ್ಕಳದು. ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಇಟ್ಟರು, ಅಲ್ಲಿ ಮ್ಯಾಥ್ಸು. ಮ್ಯಾಥ್ಸನ್ನು ಸರಿಸಿದರೆ ಕೆಮಿಸ್ಟ್ರಿ ಕೂಗಾಡಿತು. ನಾನು ಕಾರ್ಡು ಎತ್ತಿಕೊಡುತ್ತಿದ್ದೆ. ಒಂದು ತಾಸು ಕಳೆಯುವ ಹೊತ್ತಿಗೆ ಶಾಲೆಯಲ್ಲಿ ಇಷ್ಟು ಜನ ಟೀಚರುಗಳು ಯಾಕಿದ್ದೇವೆ ಎಂದು ನನಗೇ ಸಿಟ್ಟು ಬರುತ್ತಿತ್ತು.

ಆಗ ಗಮನಿಸಿದೆ. ಅಕ್ಕ ಎಲ್ಲವನ್ನೂ ಅಲುಗಾಡಿಸುತ್ತಿದ್ದರು, ಎರಡನೇ ಮತ್ತು ಮೂರನೇ ಪೀರಿಯಡ್ಡಿನ ನೀಲಿ ಕಾರ್ಡುಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವುಗಳಿಗೆ ಕೆಂಪು ತಲೆಯ ಪಿನ್ನು. ಬೇರೆಲ್ಲಕ್ಕೂ ಬಿಳಿ.

"ಇದನ್ನ ಸರಿಸಿದ್ರೆ ಆಗಲ್ವಾ ಅಕ್ಕ?"

"ಕೆಂಪು ಪಿನ್ನು ಇದ್ರೆ ಮುಟ್ಟೋ ಹಾಗಿಲ್ಲ. ಪ್ರತಿ ವರ್ಷ ಅದನ್ನ ಮೊದಲು ಚುಚ್ಚಿ, ಆಮೇಲೆ ಬೇರೇದು."

"ಯಾಕೆ? ಯಾರದ್ದು ಇದು?"

ಅಕ್ಕ ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು ಕಾರ್ಡಿನ ಹತ್ತಿರ ಬಗ್ಗಿದರು. ನೋಡಿದರು. ನನ್ನ ಕಡೆ ತಿರುಗಲಿಲ್ಲ.

"ನಿಮ್ಮದೇ ಮೇಡಂ. ನೀಲಿ ನಿಮ್ಮದಲ್ವಾ?"

ಅಕ್ಕ ಹಲಗೆಯ ಹಿಂದೆ ಕೈ ಹಾಕಿ ಒಂದು ಹಳೆಯ ಕವರ್ ಎಳೆದರು. ಕೆಂಪು ಪಿನ್ನು ಯಾರು, ಯಾಕೆ ಕೇಳಿದ್ದರು ಎಂದು ಬರೆದ ಕಾಗದಗಳು ಅದರಲ್ಲಿದ್ದವು. ನನ್ನ ಕಾಗದ ಹನ್ನೊಂದು ವರ್ಷ ಹಳೆಯದು. ಮಗಳಿಗೆ ಎಂಟು ತಿಂಗಳು, ಮಧ್ಯಾಹ್ನ ಎರಡು ಗಂಟೆಗೆ ಮನೆ ಸೇರಲೇಬೇಕು, ಆದ್ದರಿಂದ ನನ್ನ ಮೇಲಿನ ತರಗತಿಯ ಪೀರಿಯಡ್ಡುಗಳನ್ನು ಬೆಳಿಗ್ಗೆ ಒಟ್ಟಿಗೆ ಹಾಕಿ ಎಂದು ನಾನು ಬರೆದಿದ್ದೆ. ‘ಮಗು ಸ್ವಲ್ಪ ದೊಡ್ಡದಾಗುವವರೆಗೆ’ ಎಂದೂ ಬರೆದಿದ್ದೆ. ಆ ಮಗು ಈಗ ರಸ್ತೆಯಾಚೆಯ ಕಟ್ಟಡದಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ಶಾಲೆ ಬಿಡುವುದು ನಾಲ್ಕೂವರೆಗೆ. ನಾನು ಎರಡು ಗಂಟೆಗೆ ಮನೆಗೆ ಹೋಗಿ ಒಂದು ನಿದ್ದೆ ತೆಗೆದು ಎದ್ದು ಕೂತಿರುತ್ತೇನೆ.

ಮಗು ದೊಡ್ಡದಾಯಿತು ಎಂದು ನಾನು ಬಂದು ಹೇಳಲಿಲ್ಲ. ಅವರೂ ಕೇಳಲಿಲ್ಲ. ಲ್ಯಾಬಿನ ಕಾರಣಕ್ಕೆ ಫಿಸಿಕ್ಸ್ ಬೆಳಿಗ್ಗೆಯೇ ಇರಬೇಕು, ನನ್ನ ಕಾರಣಕ್ಕೆ ಭೂಗೋಳವೂ ಬೆಳಿಗ್ಗೆಯೇ. ಎರಡೂ ಒಂದರ ಮೇಲೊಂದು ಕೂತು ಹನ್ನೊಂದು ವರ್ಷವಾಗಿತ್ತು.

ನಾನು ಕೈ ನೀಡಿ ಕೆಂಪು ಪಿನ್ನುಗಳನ್ನು ಕಿತ್ತೆ. ನನ್ನ ಏಳು ಮಕ್ಕಳಿಗೂ ಕೊನೆಯ ಎರಡು ಪೀರಿಯಡ್ ಲೈಬ್ರರಿ. ಲಿಫ್ಟು ಬಿಡಲಿರುವ ಕಂಪ್ಯೂಟರ್ ಪಾಠ ಇದ್ದದ್ದೂ ಅದೇ ಹೊತ್ತಿಗೆ. ಅಕ್ಕ ನೀಲಿ ಕಾರ್ಡುಗಳನ್ನು ಅಲ್ಲಿಗೆ ಒಯ್ದು ಒತ್ತಿದರು. ಎಲ್ಲೂ ಏನೂ ಅಡ್ಡ ಬರಲಿಲ್ಲ. ಐದು ನಿಮಿಷವೂ ಹಿಡಿಯಲಿಲ್ಲ.

ಕೇಳಬಾರದೆಂದುಕೊಂಡರೂ ಕೇಳಿದೆ. "ಅಕ್ಕ, ಈ ಹನ್ನೊಂದು ವರ್ಷದಲ್ಲಿ ಇವೆರಡೂ ಒಟ್ಟಿಗೆ ಬೇಕು ಅಂದವರು ಎಷ್ಟು ಜನ?"

"ಬರ್ತಿದ್ರು. ವರ್ಷಕ್ಕೆ ಒಬ್ರೋ ಇಬ್ರೋ."

"ಅವರ ಚೀಟಿ?"

"ಇಲ್ಲ ಮೇಡಂ" ಎಂದರು ಅಕ್ಕ. "ಆಗಲ್ಲ ಅಂತ ಹೇಳಿ ಕಳಿಸಿದೋರದ್ದು ನಾನು ಇಟ್ಕೊಂಡಿಲ್ಲ."

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಪಟ್ಟಿ ಹೋಯಿತು. ಪ್ರಿನ್ಸಿಪಾಲರು ಕೆಳಗಿಳಿದು ಬಂದು, ಎಂದಿನಂತೆ ತಲೆ ತಗ್ಗಿಸಿ, ಈ ಜೋಡಿ ಹಿಂದೆ ಯಾಕಿರಲಿಲ್ಲ ಎಂದು ಕೇಳಿದರು. ಅಕ್ಕ ಬಾಯಿ ತೆರೆಯುವ ಮೊದಲೇ ನಾನು "ನನ್ನಿಂದ, ಸರ್" ಎಂದೆ. ಅವರಿಗೆ ಅದು ತಮಾಷೆ ಎನಿಸಿರಬೇಕು, ನಕ್ಕು ಸಹಿ ಹಾಕಿದರು.

ಸೋಮವಾರ ಮೂರು ಗಂಟೆಗೆ ಭೂಗೋಳದ ತರಗತಿ. ನಲವತ್ತು ಜನ ಕೂರುವ ಕೋಣೆ. ಎಂಟು ಮಕ್ಕಳಿದ್ದರು. ಲಿಫ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಹಲಗೆಯ ಮೇಲೆ ಗೆರೆ ಎಳೆದು ತಿರುಗುವಷ್ಟರಲ್ಲಿ ಅವಳ ಕೈ ಮೇಲಿತ್ತು. ಅಕ್ಕ ಯಾವುದೋ ಚೀಟಿ ಕೊಡುವ ನೆಪ ಮಾಡಿಕೊಂಡು ಬಾಗಿಲಿಗೆ ಬಂದಿದ್ದರು. ಅವರ ಕಣ್ಣು ಆ ಹುಡುಗಿಯ ಮೇಲಿರಲಿಲ್ಲ, ನನ್ನ ಮೇಲೂ ಇರಲಿಲ್ಲ. ತುಟಿ ಅಲುಗಾಡಿಸುತ್ತಾ ಹಿಂದಿನ ಖಾಲಿ ಬೆಂಚುಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ವರ್ಷಕ್ಕೆ ಒಬ್ಬರೋ ಇಬ್ಬರೋ ಎಂದು ಮನಸ್ಸಿನಲ್ಲೇ ನಾನೂ ಅದನ್ನೇ ಮಾಡುತ್ತಿದ್ದೆ. ಹುಡುಗಿ ಎರಡನೇ ಬಾರಿ "ಮೇಡಂ" ಎಂದಾಗಲೇ ನನಗೆ ಕೇಳಿಸಿದ್ದು.